ಪಲ್ಲವಿಯಲ್ಲಿ ಹುಡುಗಿ ಎಲ್ಲಿಗೆ ಹೋದಳು?

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ನಮ್ಮ ಪಲ್ಪರ್ ಯಂತ್ರದ ಬೆಲ್ಟ್ ಒಂದು ವರ್ಷ ಕೊಯ್ಲಿನ ನಡುವೆ ಹರಿಯಿತು. ಅಪ್ಪ ಹೊಸದು ತರಲಿಲ್ಲ. ಸಕಲೇಶಪುರಕ್ಕೆ ಹೋಗಿ ಅದಕ್ಕೇ ಕಬ್ಬಿಣದ ಕ್ಲಿಪ್ಪು ಹೊಡೆಸಿಕೊಂಡು ಬಂದರು. ಅವತ್ತಿನಿಂದ ಪಲ್ಪರ್ ಓಡಿದಾಗಲೆಲ್ಲ ಆ ಕ್ಲಿಪ್ಪು ಪುಲ್ಲಿಗೆ ಬಡಿದು ಟಪ್, ಟಕ್, ಟಪ್, ಟಕ್ ಅನ್ನುತ್ತದೆ. ನಾನೂ ತಂಗಿಯೂ ಸೇರಿ ಮಾಡಿದ ಹಾಡು ಹುಟ್ಟಿದ್ದು ಅಲ್ಲಿ. ಸ್ಫೂರ್ತಿ ಏನು ಅಂತ ಕೇಳಿದವರಿಗೆಲ್ಲ ಏನೇನೋ ಹೇಳಿಕೊಂಡು ತಿರುಗಿದ್ದೇನೆ. ನಿಜ ಇಷ್ಟೇ.

ಮನೆಯಲ್ಲೇ ಕೂತು ಒಂದು ಸಿಂಗಲ್, ಅಂದರೆ ಒಂದೇ ಹಾಡು, ಮಾಡಿ ಬಿಡುಗಡೆ ಮಾಡಿದ್ದು, ಅದು ಕೆಟ್ಟದ್ದು, ಮತ್ತೆ ರಿಪೇರಿ ಮಾಡಿದ್ದು, ಎಲ್ಲ ಸೇರಿ ಒಂದು ಕೊಯ್ಲಿನಿಂದ ಇನ್ನೊಂದು ಕೊಯ್ಲು ಹತ್ತಿರ ಬರುವ ತನಕ ಹಿಡಿಯಿತು. ಪುಸ್ತಕದಲ್ಲಿ ಆಗಾಗ ಗೀಚಿಕೊಂಡಿದ್ದನ್ನು ನೋಡಿಕೊಂಡು ಬರೆಯುತ್ತಿದ್ದೇನೆ. ಸಾಮಾನಿನ ವಿಚಾರ ಮೊದಲೇ ಹೇಳಿಬಿಡುತ್ತೇನೆ: ಹಳೇ ಲ್ಯಾಪ್‌ಟಾಪ್, ಎರಡು ಇನ್‌ಪುಟ್‌ನ ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ತಲುಪಿಸುವ ಕೆಂಪು ಬಣ್ಣದ ಫೋಕಸ್‌ರೈಟ್ ಸ್ಕಾರ್ಲೆಟ್ ಪೆಟ್ಟಿಗೆ, ಒಂದು ಕಂಡೆನ್ಸರ್ ಮೈಕು, ಶೂರ್ ಕಂಪನಿಯ ಇನ್ನೊಂದು ಮೈಕು ಎಸ್‌ಎಂ58, ಸದ್ದು ರೆಕಾರ್ಡ್ ಮಾಡಿ ಜೋಡಿಸುವ ರೀಪರ್ ಸಾಫ್ಟ್‌ವೇರ್, ಒಂದು ಗಿಟಾರ್. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಅಮ್ಮ ಹೇಳಿದ್ದು ಕಂಡೆನ್ಸರ್ ಮೈಕು ತಂದ ದಿನ.

ಪಲ್ಪರ್ ಮನೆ, ಡಿಸೆಂಬರ್ ಕೊನೆ

ಮೊದಲು ಫೋನಲ್ಲೇ ರೆಕಾರ್ಡ್ ಮಾಡಿದೆ. ಪೂರ್ತಿ ಹಾಳು. ಫೋನು ತನಗೆ ತಾನೇ ಸದ್ದನ್ನು ಹೆಚ್ಚು ಕಡಿಮೆ ಮಾಡುತ್ತದೆ. ಟಪ್ ಅಂದ ತಕ್ಷಣ ಎಲ್ಲವನ್ನೂ ಕೆಳಗಿಳಿಸಿ, ಆಮೇಲೆ ನಿಧಾನಕ್ಕೆ ನೀರಿನ ಸದ್ದನ್ನು ಎತ್ತಿ ತರುತ್ತದೆ. ಉಸಿರಾಟದ ತೊಂದರೆ ಇರುವ ಯಂತ್ರದ ಹಾಗೆ ಕೇಳುತ್ತಿತ್ತು.

ಮಾರನೇ ದಿನ ಲ್ಯಾಪ್‌ಟಾಪನ್ನೇ ಹೊತ್ತುಕೊಂಡು ಹೋದೆ. ಆಗ ಗೊತ್ತಾಗಿದ್ದು, ಸದ್ದು ಎರಡು ಬಗೆ ಯಾಕಿದೆ ಅಂತ. ಬೆಲ್ಟು ಸುಮಾರು 8 ಮೀಟರ್ ಉದ್ದ. ಒಂದು ಸುತ್ತಿನಲ್ಲಿ ಕ್ಲಿಪ್ಪು ಒಂದು ಸಲ ಎಂಜಿನ್ನಿನ ಸಣ್ಣ ಪುಲ್ಲಿಗೆ ಹತ್ತುತ್ತದೆ, ಒಂದು ಸಲ ಪಲ್ಪರಿನ ದೊಡ್ಡ ಪುಲ್ಲಿಗೆ. ಸಣ್ಣದಕ್ಕೆ ಟಕ್, ದೊಡ್ಡದಕ್ಕೆ ಟಪ್. ದೊಡ್ಡ ಪುಲ್ಲಿಯನ್ನು ಬಳಸಿಕೊಂಡು ಬರಲು ಕ್ಲಿಪ್ಪಿಗೆ ಒಂಚೂರು ಹೆಚ್ಚು ಹೊತ್ತು ಬೇಕು. ಹಾಗಾಗಿ ಟಪ್ ಆದಮೇಲಿನ ಬಿಡುವು ಕೂದಲೆಳೆಯಷ್ಟು ಉದ್ದ, ಟಕ್ ಆದಮೇಲಿನದು ಗಿಡ್ಡ. ಕಾಲಿಗೆ ಮುಳ್ಳು ಚುಚ್ಚಿಸಿಕೊಂಡವನ ನಡಿಗೆ. ಯಾವ ಡ್ರಮ್ ಮಷಿನ್ನಿನಲ್ಲೂ ನಾನು ಬೇಕೆಂದು ಕೂತು ಹೀಗೆ ಕುಂಟಿಸಲಾರೆ.

ಎಣಿಸಿದೆ. ನಿಮಿಷಕ್ಕೆ 48 ಸುತ್ತು, ಅಂದರೆ 96 ಪೆಟ್ಟು. 60,000 ಮಿಲಿಸೆಕೆಂಡನ್ನು 96ರಿಂದ ಭಾಗಿಸಿದರೆ ಪೆಟ್ಟಿಗೆ 625 ಮಿಲಿಸೆಕೆಂಡು. ಹಾಡಿನ ವೇಗ ಅಲ್ಲೇ ತೀರ್ಮಾನವಾಯಿತು. ಮುಂದೆ ಎಕೋ ಎಷ್ಟು ಹೊತ್ತಿಗೆ ಮರಳಬೇಕು ಅನ್ನುವುದರ ತನಕ ಎಲ್ಲ ಲೆಕ್ಕವೂ ಈ 625ರಿಂದಲೇ.

ಡೀಸೆಲ್ ಎಂಜಿನ್ನಿನ ಡುಗುಡುಗು ದೊಡ್ಡ ತಲೆನೋವಾಯಿತು. ಅದರ ತಾಳ ಬೇರೆ, ಬೆಲ್ಟಿನ ತಾಳ ಬೇರೆ, ಒಂದಕ್ಕೊಂದು ಕೂಡುವುದಿಲ್ಲ. ಎಸ್‌ಎಂ58ಗೆ ಎದುರಿನ ಸದ್ದು ಚೆನ್ನಾಗಿ ಕೇಳುತ್ತದೆ, ಬೆನ್ನ ಹಿಂದಿನದು ಅಷ್ಟಾಗಿ ಕೇಳುವುದಿಲ್ಲ. ಮೈಕಿನ ಬೆನ್ನನ್ನು ನೇರ ಎಂಜಿನ್ನಿನ ಕಡೆಗೆ ತಿರುಗಿಸಿ, ಮೂತಿಯನ್ನು ದೊಡ್ಡ ಪುಲ್ಲಿಯಿಂದ ಒಂದು ಮೊಳ ದೂರಕ್ಕೆ ಹಿಡಿದೆ. ಎಂಜಿನ್ ಅರ್ಧಕ್ಕರ್ಧ ಹಿಂದೆ ಸರಿಯಿತು. ಉಳಿದಿದ್ದನ್ನು ಸಾಫ್ಟ್‌ವೇರಿನಲ್ಲಿ ಕೆಳಗಿನ ಸ್ವರ ಕತ್ತರಿಸಿ ತೆಗೆದೆ.

ಎಂಟು ನಿಮಿಷ ರೆಕಾರ್ಡಾಯಿತು. ಆದರೆ ಹಣ್ಣು ಜಾಸ್ತಿ ಸುರಿದಾಗ ಎಂಜಿನ್ ಏದುಸಿರು ಬಿಟ್ಟು ವೇಗ 91ಕ್ಕೆ ಇಳಿಯುತ್ತದೆ, ಹಣ್ಣು ಸುರಿಯುವ ಹಾಪರ್ ಖಾಲಿಯಾದರೆ 99ಕ್ಕೆ ಏರುತ್ತದೆ. ಹಣ್ಣು ಸುರಿಯುವ ಮಾಮನಿಗೆ "ಒಂದೇ ಸಮ ಸುರೀರಿ ಮಾಮ" ಅಂದೆ. "ನಾನೇನ್ ನಲ್ಲಿನಾ ಮಾರಾಯ, ಒಂದೇ ಸಮ ಸುರಿಯಕ್ಕೆ" ಅಂದರು. ಕೊನೆಗೆ ಸರಿಯಾಗಿ 96ರಲ್ಲಿ ನಿಂತ 10 ಸೆಕೆಂಡ್ ಸಿಕ್ಕಿತು. 16 ಪೆಟ್ಟು, ನಾಲ್ಕು ಆವರ್ತ. ಅದನ್ನೇ ಹಾಡಿನುದ್ದಕ್ಕೂ ಅಂಟಿಸುತ್ತ ಹೋದರೆ ಒಂದು ನಿಮಿಷದಲ್ಲಿ ಬೇಜಾರು. ಕಿವಿ ಬಲು ಬೇಗ ಮೋಸ ಪತ್ತೆ ಹಚ್ಚುತ್ತದೆ. ಬೇರೆ ಬೇರೆ ಕಡೆಯಿಂದ ಇನ್ನೂ ಮೂರು ತುಂಡು ಕತ್ತರಿಸಿ, ಅವುಗಳ ವೇಗವನ್ನು 96ಕ್ಕೆ ಎಳೆದು, ನಾಲ್ಕನ್ನೂ ಅದಲು ಬದಲು ಮಾಡಿ ಜೋಡಿಸಿದೆ. ಕುಂಟನ್ನು ಮಾತ್ರ ಮುಟ್ಟಲಿಲ್ಲ.

ಗೋಡೆ ಮಾರಾಟವಾಯಿತು

ಹಾಡು ಬರೆದವಳು, ಹಾಡಿದವಳು ನನ್ನ ತಂಗಿ. ಹಾಸನದಲ್ಲಿ ಕಾಲೇಜು. ಶನಿವಾರ ಬಂದರೆ ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸ್ಸು. ಹಾಡಿನ ಹೆಸರು 'ಎರಡನೇ ಮಳೆ'. ಕಾಫಿ ಬೆಳೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಆಮೇಲೆ ಕೆಲವು ವಾರದೊಳಗೆ ಇನ್ನೊಂದು ಮಳೆ, ನಾವು ಬ್ಯಾಕಿಂಗ್ ಅನ್ನುತ್ತೇವಲ್ಲ ಅದು, ಬರದಿದ್ದರೆ ಹೂವು ಕಾಯಿ ಕಚ್ಚುವುದು ಕಷ್ಟ. ಬಂದು ಮಾತಾಡಿಸಿ ಹೋದವನು ಎರಡನೇ ಸಲ ಬರಲಿಲ್ಲ ಅನ್ನುವ ಹುಡುಗಿಯ ಹಾಡು. ಪಲ್ಲವಿ ಎರಡೇ ಸಾಲು:

ಮೊದಲ ಮಳೆಗೆ ಹೂವಾದೆ
ಎರಡನೆಯದಕ್ಕೆ ಕಾದೆ

ಅಪ್ಪನಿಗೆ ಓದಿ ಹೇಳಿದಾಗ "ಈ ಸಲ ಬ್ಯಾಕಿಂಗ್ ಬರಲ್ಲ ಅಂತ ಈಗ್ಲೇ ಶಾಪ ಹಾಕ್ತೀಯಾ" ಅಂತ ಅವಳಿಗೆ ಬೈದರು.

ಫೆಬ್ರವರಿಯಲ್ಲಿ ದನಿ ರೆಕಾರ್ಡ್ ಮಾಡಲು ಜಾಗ ಹುಡುಕಿದೆ. ನಮ್ಮದು ಹೆಂಚಿನ ಮನೆ, ಗಾರೆ ನೆಲ, ಬರೀ ಗೋಡೆ. ಚಪ್ಪಾಳೆ ತಟ್ಟಿದರೆ ಟ್ರಿಂಗ್ ಅಂತ ಮರಳಿ ಬರುತ್ತದೆ. ಒಂದೇ ಒಂದು ಕೋಣೆಯಲ್ಲಿ ಚಪ್ಪಾಳೆ ಅಲ್ಲೇ ಸತ್ತುಹೋಗುತ್ತಿತ್ತು. ಕಾಫಿ ಮೂಟೆ ಇಟ್ಟಿದ್ದ ಸ್ಟೋರ್ ರೂಮು. ಮೂರು ಗೋಡೆಗೂ ತಲೆಯೆತ್ತರಕ್ಕೆ ಮೂಟೆ. ಗೋಣಿಚೀಲದ ಒರಟು, ಒಳಗೆ ಕಾಳು, ಕಾಳಿನ ನಡುವೆ ಗಾಳಿ. ಸದ್ದು ಒಳಗೆ ಹೊಕ್ಕರೆ ತಿಣುಕಾಡಿ ಅಲ್ಲೇ ಕರಗುತ್ತದೆ. ದುಡ್ಡು ಕೊಟ್ಟು ಸ್ಪಂಜು ಅಂಟಿಸಿಕೊಳ್ಳುವವರನ್ನು ನೆನೆದು ನಕ್ಕೆ. ಎರಡು ಶನಿವಾರದಲ್ಲಿ ಮೊದಲ ಚರಣ ಮುಗಿಯಿತು. ದನಿ ಕಿವಿಯ ಪಕ್ಕದಲ್ಲೇ ಕೂತು ಹಾಡಿದ ಹಾಗೆ, ಒಣಗಿ, ಬೆಚ್ಚಗೆ.

ಅಲ್ಲೂ ಒಂದು ಕಾಟವಿತ್ತು. ಹಿನ್ನೆಲೆಯಲ್ಲಿ ಸಣ್ಣಗೆ ಗುಂಯ್ ಅನ್ನುವ ಹಮ್ಮು. ನಮ್ಮ ಕರೆಂಟು 50 ಹರ್ಟ್ಸ್, ಈ ಗುಂಯ್ ಅದರ ಮರಿಮಕ್ಕಳು, 50, 100, 150. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದರೆ ಮಾಯ. ಆದರೆ ಬ್ಯಾಟರಿಗೆ ವಯಸ್ಸಾಗಿದೆ, ನಲವತ್ತು ನಿಮಿಷ ಬಂದರೆ ಪುಣ್ಯ. ವೈರಿಂಗ್ ಮಾಡುವ ಅಣ್ಣ ಬಂದು ನೋಡಿ, ಮನೆ ಹಿಂದಿನ ಅರ್ಥಿಂಗ್ ಗುಂಡಿ ತೋರಿಸಿ, "ಬೇಸಿಗೇಲಿ ಒಣಗೋಗಿದೆ, ಎರಡು ಕೊಡ ನೀರು ಹುಯ್ಯಿ" ಅಂದರು. ಹುಯ್ದೆ. ಮುಕ್ಕಾಲು ಪಾಲು ಹೋಯಿತು. ಮಣ್ಣು ಒಣಗಿದರೆ ಕರೆಂಟು ನೆಲಕ್ಕೆ ಇಳಿಯುವುದಿಲ್ಲ ಅಂತ ಶಾಲೆಯಲ್ಲಿ ಓದಿದ್ದೆ. ಅದು ತಂಗಿಯ ದನಿಯ ಹಿಂದೆ ಗುಂಯ್‌ಗುಡುತ್ತದೆ ಅಂತ ಯಾರೂ ಹೇಳಿರಲಿಲ್ಲ. ಅಲ್ಲಿಂದ ರೆಕಾರ್ಡಿಂಗಿಗೆ ಮುಂಚೆ ಗುಂಡಿಗೆ ನೀರು ಹುಯ್ಯುವುದು ದೇವರಿಗೆ ದೀಪ ಹಚ್ಚಿದ ಹಾಗೆ ರೂಢಿಯಾಯಿತು.

ಮಾರ್ಚ್ ಮೊದಲ ವಾರ ತಂಗಿ ಎರಡನೇ ಚರಣ ಹಾಡಲು ಬಂದಳು. ಸ್ಟೋರ್ ರೂಮಿನ ಬಾಗಿಲು ತೆಗೆದರೆ ಒಳಗೆ ಒಂದು ಮೂಟೆಯಿಲ್ಲ. ಬುಧವಾರ ರೇಟು ಏರಿತ್ತಂತೆ, ಗುರುವಾರ ಲಾರಿ ಬಂದಿತ್ತು. ನನ್ನ ಸ್ಟುಡಿಯೋದ ಮೂರು ಗೋಡೆಯನ್ನೂ ಅಪ್ಪ ತೂಕಕ್ಕೆ ಹಾಕಿ ಮಾರಿಬಿಟ್ಟಿದ್ದರು. "ಹೇಳಬಾರ್ದಿತ್ತಾ ಅಪ್ಪ" ಅಂದೆ. "ನಿನ್ ಹಾಡು ಮುಗಿಯೋತನಕ ಕಾಫಿ ಇಟ್ಕೊಂಡು ಕೂತ್ಕೊಳ್ಳಕ್ಕಾಗುತ್ತಾ" ಅಂದರು. ನ್ಯಾಯವೇ.

ಆದರೂ ಹಾಡಿಸಿದೆ. ಮೊದಲ ಚರಣದ ಹುಡುಗಿ ಹಾಸಿಗೆಯ ಮೇಲೆ ಕೂತಿದ್ದರೆ ಎರಡನೇ ಚರಣದವಳು ಬಾವಿಯೊಳಗೆ ಇಳಿದಿದ್ದಳು. ಟಾರ್ಪಾಲು ಕಟ್ಟಿದೆ, ಇನ್ನೂ ಕೆಟ್ಟಿತು. ಟಾರ್ಪಾಲು ನೀರನ್ನು ತಳ್ಳುವ ಹಾಗೆ ಸದ್ದನ್ನೂ ತಳ್ಳುತ್ತದೆ. ಆಮೇಲೆ ಮನೆಯ ಹಾಸಿಗೆಯೆಲ್ಲ ಎಳೆತಂದು ಗೋಡೆಗೆ ಒರಗಿಸಿ, ಅಡ್ಡ ಹಗ್ಗ ಕಟ್ಟಿ ಕಂಬಳಿ ಎರಡು ಮಡಿಕೆ ಇಳಿಬಿಟ್ಟೆ. ಕಂಬಳಿಯನ್ನು ಗೋಡೆಗೆ ಅಂಟಿಸದೆ ಒಂದು ಗೇಣು ಮುಂದೆ ಬಿಟ್ಟರೆ ಹೆಚ್ಚು ಕೆಲಸ ಮಾಡುತ್ತದೆ ಅನ್ನುವುದು ಅವತ್ತಿನ ಗಳಿಕೆ. ಹೊಸ ಕೋಣೆಯ ದನಿ ಹಳೆಯದಕ್ಕೆ ಹೊಂದಲೇ ಇಲ್ಲ, ಮೊದಲ ಚರಣವನ್ನೂ ಮತ್ತೆ ಹಾಡಿಸಿದೆ. ಪಲ್ಲವಿಗೆ ಬರುವ ಹೊತ್ತಿಗೆ ರಾತ್ರಿ ಹತ್ತು ಗಂಟೆ, ತಂಗಿಯ ಗಂಟಲು ಕಟ್ಟಿತ್ತು. ಪಲ್ಲವಿಯ ಒಂದೇ ಒಂದು ಟೇಕು ಸಿಕ್ಕಿತು. ಮುಂದಿನದಕ್ಕೆಲ್ಲ ಮೂಲ ಆ ಒಂದು ಟೇಕು.

ಮಿಕ್ಸಿಂಗ್

ಏಪ್ರಿಲ್, ಮೇ ಪೂರ್ತಿ ಇದೇ, ರೆಕಾರ್ಡಾದ ಸದ್ದನ್ನೆಲ್ಲ ಹದವಾಗಿ ಕೂಡಿಸುವ ಕೆಲಸ. ಹೆಚ್ಚಿನದನ್ನು ಹಾರಿಸುತ್ತೇನೆ, ಕೂತು ಗುಂಡಿ ತಿರುಗಿಸಿದ ಕಥೆ ಯಾರಿಗೂ ಬೇಡ. ಶುರುವಿನಲ್ಲಿ 38 ಸೆಕೆಂಡ್ ಬರೀ ಬೆಲ್ಟು, ನೀರು, ಗಿಟಾರ್ ಇಟ್ಟಿದ್ದೆ. ತಂಗಿ "ಅಣ್ಣ, ಅಷ್ಟೊತ್ತಿಗೆ ಜನ ಮೂರು ರೀಲ್ಸ್ ನೋಡಿರ್ತಾರೆ" ಅಂದಳು. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸ್ಟ್ರೀಮ್ ಅಂತ ಲೆಕ್ಕ. ಹುಡುಗಿ ಬಾಯಿ ತೆಗೆಯುವ ಮೊದಲೇ ಲೆಕ್ಕ ಮುಗಿಯುವ ಹಾಡು ನನ್ನದಾಗಿತ್ತು. 10 ಸೆಕೆಂಡಿಗೆ ಇಳಿಸಿದೆ.

ಒಟ್ಟು ಉದ್ದ 3 ನಿಮಿಷ 12 ಸೆಕೆಂಡ್ ಬಂತು. ದೊಡ್ಡಪ್ಪನ ಮನೆಯ ಅಟ್ಟದಲ್ಲಿ ಹಳೇ ಗ್ರಾಮೋಫೋನ್ ಪ್ಲೇಟುಗಳಿವೆ. ನಿಮಿಷಕ್ಕೆ 78 ಸುತ್ತಿನ ಆ ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದೇ ಮೂರು ನಿಮಿಷದ ಆಸುಪಾಸು. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗಂಟೆಗಟ್ಟಲೆ ಹಾಡುವ ಸಂಗೀತವನ್ನು ಅಷ್ಟಕ್ಕೇ ಮಡಿಚಿ ಕೊಟ್ಟಿದ್ದಳು. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ ಏಳು ಇಂಚಿನ, 45 ಸುತ್ತಿನ ಪ್ಲೇಟು ತಂದಮೇಲೆ ಅದೇ ಸಿಂಗಲ್ ಅನ್ನುವ ಮಾತಿನ ಅಳತೆಯಾಯಿತು. ಪ್ಲೇಟು ಹೋದರೂ ಅಳತೆ ಹೋಗಿಲ್ಲ, ಹಳೇ ಸೇರಿನಲ್ಲಿ ಅಕ್ಕಿ ಅಳೆದ ಹಾಗೆ ನಾವು ಇನ್ನೂ ಅಷ್ಟಕ್ಕೇ ಅಳೆಯುತ್ತಿದ್ದೇವೆ.

ಇನ್ನು ತಪ್ಪು. ಪಲ್ಲವಿ ದೊಡ್ಡದಾಗಿ, ಎರಡೂ ಕಡೆಯಿಂದ ಬಂದು ಅಪ್ಪಿಕೊಳ್ಳಬೇಕು ಅಂತ ಆಸೆ. ಸರಿಯಾದ ದಾರಿ ಅಂದರೆ ಅದನ್ನೇ ಎರಡು ಮೂರು ಸಲ ಹಾಡಿಸಿ ಒಂದನ್ನು ಎಡಕ್ಕೆ ಇನ್ನೊಂದನ್ನು ಬಲಕ್ಕೆ ಇಡುವುದು. ನನ್ನ ಹತ್ತಿರ ಇದ್ದದ್ದು ಒಂದೇ ಟೇಕು. ಅದನ್ನೇ ನಕಲು ಮಾಡಿ, ಎಡಕ್ಕೊಂದು ಬಲಕ್ಕೊಂದು ಇಟ್ಟು, ಮೇಲೆ ಅಗಲ ಮಾಡುವ ಒಂದು ಪ್ಲಗಿನ್, ಅಂದರೆ ಸಾಫ್ಟ್‌ವೇರಿಗೆ ಸೇರಿಸುವ ಬಿಡಿಭಾಗ, ಹಾಕಿದೆ. ಅದರಲ್ಲಿದ್ದ ಸಿದ್ಧ ಸೆಟಿಂಗ್ ಒಂದನ್ನು ಒತ್ತಿದೆ. ಇಯರ್‌ಫೋನಿನಲ್ಲಿ ತಂಗಿ ತಲೆಯ ಸುತ್ತ ನಿಂತು ಹಾಡಿದಳು. ಮೈ ಜುಮ್ ಅಂತು. ಆ ಸೆಟಿಂಗ್ ಒಳಗೆ ಏನು ಮಾಡುತ್ತಿದೆ ಅಂತ ನೋಡಲಿಲ್ಲ. ಇನ್ನೂ ಒಂದು ದಡ್ಡತನ: ಸದ್ದು ಜೋರಾಗಿರಲಿ ಅಂತ ಕೊನೆಯ ಹಂತವಾದ ಮಾಸ್ಟರಿಂಗಿನಲ್ಲಿ ಹಿಂಡಿ ಹಿಂಡಿ ಮೈನಸ್ 7 ಲಫ್ಸ್‌ಗೆ ಏರಿಸಿದ್ದೆ. ಲಫ್ಸ್ ಅಂದರೆ ಸದ್ದಿನ ಜೋರು ಅಳೆಯುವ ಮಾನ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಸ್ಪಾಟಿಫೈ, ಯೂಟ್ಯೂಬ್ ಎರಡೂ ಮೈನಸ್ 14ರ ಹತ್ತಿರಕ್ಕೆ ಇಳಿಸಿಯೇ ಕೇಳಿಸುತ್ತವೆ. ಅಲ್ಲಿಗೆ ಜೋರು ಹೋಯಿತು, ಹಿಂಡಿದ ಕಲೆ ಉಳಿಯಿತು.

ಬಿಡುಗಡೆ, ಮತ್ತು ಜನ ಏನಂದರು

ಜೂನ್‌ನಲ್ಲಿ, ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಬಿಡುಗಡೆಯಾಯಿತು. ಹಾಡು ಹಂಚುವ ಒಂದು ಕಂಪನಿಗೆ ದುಡ್ಡು ಕಟ್ಟಿದರೆ ಎಲ್ಲ ಆ್ಯಪಿಗೂ ಅವರೇ ಹಾಕುತ್ತಾರೆ, 12 ಅಕ್ಷರ-ಅಂಕಿಯ ಐಎಸ್‌ಆರ್‌ಸಿ ಕೋಡನ್ನೂ ಕೊಡುತ್ತಾರೆ. ಅದು ಹಾಡಿನ ಆಧಾರ್ ಸಂಖ್ಯೆ ಅಂತ ಅಪ್ಪನಿಗೆ ವಿವರಿಸಿದೆ. ವಿಡಿಯೊ ಅಂತ ಬೇರೆ ಮಾಡಲಿಲ್ಲ, ಮಾರ್ಚ್ ಕೊನೆಗೆ ಹೂವಾದಾಗ ಫೋನಲ್ಲಿ ತೆಗೆದಿದ್ದನ್ನೇ ಯೂಟ್ಯೂಬಿಗೆ ಹಾಕಿದೆ.

ವಾಟ್ಸಾಪ್ ಗುಂಪುಗಳಲ್ಲಿ ಹೆಬ್ಬೆರಳಿನ ಸುರಿಮಳೆ. ಅರ್ಧದಷ್ಟು ಹೆಬ್ಬೆರಳು ನಾನು ಕೊಂಡಿ ಕಳಿಸಿದ ಅರ್ಧ ನಿಮಿಷದೊಳಗೇ ಬಂದವು, ಅಂದರೆ ಕೇಳದೇ ಒತ್ತಿದ್ದು. ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ, "ಹಾಸನ ಆಕಾಶವಾಣಿಲಿ ಯಾವಾಗ ಬರುತ್ತೆ?" ಅಲ್ಲಿ ಹಾಡಬೇಕಾದರೆ ಆಡಿಷನ್ ಇರುತ್ತೆ, ಬಿ, ಬಿ ಹೈ, ಎ ಅಂತ ಗ್ರೇಡ್ ಕೊಡ್ತಾರೆ, ನಮ್ಮದು ಬೆಲ್ಟಿನ ಹಾಡು ಅಂದೆ. "ಹಂಗಾದ್ರೆ ಇದು ಎಲ್ಲೂ ಬಂದಿಲ್ಲ ಅನ್ನು" ಅಂತ ಎಲೆ ಅಡಿಕೆ ಹಾಕಿಕೊಂಡರು. ಪಕ್ಕದ ತೋಟದವರೊಬ್ಬರು ಸಂತೆಯಲ್ಲಿ ಸಿಕ್ಕಿ, ಪಲ್ಪರ್ ಸದ್ದು ಕೇಳಿ ಎಂಜಿನ್ ಯಾವುದು, ಬೆಲ್ಟಿಗೆ ಕ್ಲಿಪ್ಪು ಎಲ್ಲಿ ಹೊಡೆಸಿದ್ದು ಅಂತ ವಿಚಾರಿಸಿದರು. ಹಾಡನ್ನು ಪೂರ್ತಿ ಕೇಳಿದ ಮೊದಲಿಗರು ಅವರೇ ಇರಬೇಕು.

ಹಾಸನದ ಸಾಲಗಾಮೆ ರಸ್ತೆ ಕಡೆ ಇರುವ ಅತ್ತೆ ಫೋನ್ ಮಾಡಿದರು. "ಚೆನ್ನಾಗೈತೆ ಕಣೋ. ಆದ್ರೆ ಪಲ್ಲವಿ ಬಂದಾಗ ಹುಡುಗಿ ಎಲ್ಲಿಗೆ ಹೋಗ್ತಾಳೆ?"

"ಎಲ್ಲಿಗೂ ಹೋಗಲ್ಲ ಅತ್ತೆ, ಅಲ್ಲೇ ಇದಾಳೆ. ಇಯರ್‌ಫೋನ್ ಹಾಕ್ಕೊಂಡು ಕೇಳಿ."

"ನಾನ್ಯಾಕೆ ಕಿವಿಗೆ ಅದನ್ನೆಲ್ಲ ತುರುಕ್ಕೊಳ್ಳಲಿ" ಅಂದು ಇಟ್ಟುಬಿಟ್ಟರು. ಅತ್ತೆಯ ಫೋನಿಗೆ ಇರುವುದು ಒಂದೇ ಸ್ಪೀಕರು. ಅದು ನನ್ನ ತಲೆಗೆ ಹೊಳೆಯಬೇಕಿತ್ತು. ಅತ್ತೆಗೆ ಕಿವಿ ಮಂದ ಅಂತ ತೀರ್ಮಾನ ಮಾಡಿಕೊಂಡೆ. ಯೂಟ್ಯೂಬಿನಲ್ಲೂ ಯಾರೋ 'ಪಲ್ಲವಿಯಲ್ಲಿ ಮೌನ ಇಟ್ಟಿರುವುದು ತುಂಬಾ ಅರ್ಥಪೂರ್ಣ' ಅಂತ ಬರೆದರು. ಅದಕ್ಕೆ ನಾನು ಧನ್ಯವಾದ ಹೇಳಿದೆ! ಯಾವ ಮೌನ ಅಂತ ಒಂದು ಕ್ಷಣ ಯೋಚಿಸಲಿಲ್ಲ.

ಗಣಪತಿ ಪೆಂಡಾಲು

ಊರಿನ ಗಣಪತಿಗೆ ಮೈಕ್‌ಸೆಟ್ ಹಾಕುವ ಅಣ್ಣ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಹಳೇ ಆ್ಯಂಪ್ಲಿಫೈಯರ್, ಮರಕ್ಕೆ ಕಟ್ಟಿದ ಎರಡು ಹಾರ್ನು. ಎರಡನೇ ದಿನ ರಾತ್ರಿ, ಮಳೆ ಬಿಟ್ಟಿತ್ತು, ಸಿನಿಮಾ ಹಾಡಿನ ನಡುವೆ "ನಮ್ಮೂರ ಹುಡುಗರ ಹಾಡು" ಅಂತ ಮೈಕಲ್ಲಿ ಹೇಳಿ ನಮ್ಮದನ್ನು ಹಾಕಿದರು. ಬೆಲ್ಟಿನ ಸದ್ದು ಹಾರ್ನಿನಲ್ಲಿ ಕೇಳಬೇಕು. ಇಡೀ ಊರೇ ಪಲ್ಪರ್ ಮನೆಯಾಯಿತು. ತೋಟದ ಕೆಲಸದವರು ಇರುವ ಲೈನ್ ಮನೆಯ ಮಕ್ಕಳು ಕುಂಟುತ್ತಾ ಕುಣಿದರು. ತಂಗಿಯ ಮೊದಲ ಚರಣ ಖಣಿ ಖಣಿ. ಪಲ್ಲವಿ ಬಂತು.

ದನಿ ಇಲ್ಲ.

ಟಪ್ ಟಕ್ ಇದೆ, ಗಿಟಾರ್ ಇದೆ. ತಂಗಿ ಇರಬೇಕಾದ ಜಾಗದಲ್ಲಿ ದೂರದ ಕಣಿವೆಯಲ್ಲಿ ಯಾರೋ ನರಳಿದ ಹಾಗೆ ಒಂದು ಹೊಗೆ. ಅದು ಎಕೋ ಮಾತ್ರ, ದನಿಯ ನೆರಳು. "ಮೈಕ್ ಹೋಯ್ತು!" ಅಂತ ಯಾರೋ ಕೂಗಿದರು. ಮೈಕ್‌ಸೆಟ್ ಅಣ್ಣನಿಗೆ ಮರ್ಯಾದೆ ಪ್ರಶ್ನೆ, ಎದ್ದುಬಿದ್ದು ವೈರೆಲ್ಲ ಅಲುಗಾಡಿಸಿದರು. ಅಷ್ಟರಲ್ಲಿ ಎರಡನೇ ಚರಣ, ದನಿ ವಾಪಸ್ಸು. ಮತ್ತೆ ಪಲ್ಲವಿ, ಮತ್ತೆ ಮಾಯ. ತಂಗಿ ನನ್ನ ಮುಖ ನೋಡಿದಳು. ನಾನು ಗಣಪತಿಯ ಮುಖ ನೋಡಿದೆ.

ಹಾಡು ಮುಗಿದಮೇಲೆ ಅಣ್ಣ ಒಂದು ಸಿನಿಮಾ ಹಾಡು ಹಾಕಿ ಕೇಳಿ, ಎಲ್ಲ ಸರಿಯಿದೆ ಅಂತ ಖಾತ್ರಿ ಮಾಡಿಕೊಂಡು, ನನ್ನನ್ನು ಕರೆದರು. "ವೈರ್ ಅಲ್ಲ ಕಣಪ್ಪ. ನಿನ್ ಹಾಡೇ ಉಲ್ಟಾ ಐತೆ."

ಅರ್ಥವಾಗಲಿಲ್ಲ. ಪೆಟ್ಟಿಗೆಯಿಂದ ಒಂದು ಬಿಚ್ಚಿದ ಸ್ಪೀಕರ್ ತೆಗೆದರು, ಟಾರ್ಚಿನ ಒಂದೂವರೆ ವೋಲ್ಟ್ ಸೆಲ್ ತೆಗೆದರು. ಎರಡು ವೈರನ್ನು ಸೆಲ್ಲಿಗೆ ಮುಟ್ಟಿಸಿದರೆ ಕೋನ್ ಟಪ್ ಅಂತ ಮುಂದಕ್ಕೆ ಬಂತು. ವೈರ್ ಅದಲು ಬದಲು ಮಾಡಿ ಮುಟ್ಟಿಸಿದರು, ಹಿಂದಕ್ಕೆ ಹೋಯಿತು. "ಎರಡು ಬಾಕ್ಸ್ ಕಟ್ಟಿದಾಗ ಒಂದ್ರದ್ದು ಪ್ಲಸ್ ಮೈನಸ್ ಉಲ್ಟಾ ಆದ್ರೆ ಒಂದು ಮುಂದೆ ಬರುತ್ತೆ, ಒಂದು ಹಿಂದೆ ಹೋಗುತ್ತೆ. ಒಂದು ತಳ್ಳಿದ್ದನ್ನ ಇನ್ನೊಂದು ಎಳ್ಕೊಂಡ್‌ಬಿಡುತ್ತೆ. ನಿನ್ ಪಲ್ಲವೀಲಿ ಎಡಗಡೆ ಹುಡುಗಿ ಮುಂದೆ ಬರ್ತಾಳೆ, ಬಲಗಡೆ ಹುಡುಗಿ ಹಿಂದೆ ಹೋಗ್ತಾಳೆ. ನನ್ ಆ್ಯಂಪ್ಲಿ ಇಬ್ಬರನ್ನೂ ಒಂದೇ ವೈರಿಗೆ ತಳ್ಳುತ್ತೆ. ಇನ್ನೇನ್ ಉಳಿಯುತ್ತೆ?"

ಹಾಡನ್ನು ಮತ್ತೆ ಪಲ್ಲವಿಗೆ ತಂದರು. ಹೊಗೆ. ಆ್ಯಂಪ್ಲಿಫೈಯರ್ ಹಿಂದೆ ಬಿಳಿ ಪಿನ್ನು, ಕೆಂಪು ಪಿನ್ನು ಎರಡು ಚುಚ್ಚಿದ್ದವು. ಕೆಂಪನ್ನು ಹಿಡಿದು ಎಳೆದರು.

'ಮೊದಲ ಮಳೆಗೆ ಹೂವಾದೆ' ಅಂತ ತಂಗಿ ಮರದ ಮೇಲಿಂದ ಹಾಡಿದಳು.

ಮೂರು ತಿಂಗಳು ಒಂದೇ ಸ್ಪೀಕರಿನ ಫೋನಿಟ್ಟುಕೊಂಡವರಿಗೆಲ್ಲ ನಾನು ಕೇಳಿಸಿದ್ದು ಹಾಡೇ ಇಲ್ಲದ ಪಲ್ಲವಿ. ಮನೆಗೆ ಹೋಗಿ ಆ ಪ್ಲಗಿನ್ ತೆರೆದು ನೋಡಿದೆ. ಸೆಟಿಂಗಿನಲ್ಲಿ ಬಲಗಡೆಗೆ ಫೇಸ್, ಅಂದರೆ ಆ ಪ್ಲಸ್ ಮೈನಸ್, ಉಲ್ಟಾ ಮಾಡುವ ಗುಂಡಿ ಒತ್ತಿಯೇ ಇತ್ತು. ರೀಪರಿನ ಮಾಸ್ಟರ್ ಟ್ರ್ಯಾಕಿನಲ್ಲಿ ಎಡ ಬಲ ಕೂಡಿಸಿ ಒಂದೇ ಮಾಡಿ ಕೇಳಿಸುವ ಮೋನೋ ಗುಂಡಿ ಅಂಗೈ ಮೇಲಿನ ನೆಲ್ಲಿಕಾಯಿಯ ಹಾಗೆ ಇದೆ. ಎರಡು ತಿಂಗಳ ಮಿಕ್ಸಿಂಗಿನಲ್ಲಿ ಅದನ್ನು ಒಂದು ಸಲವೂ ಒತ್ತಿರಲಿಲ್ಲ. ಮೊದಲು ಅತ್ತೆಗೆ ಫೋನ್ ಮಾಡಿದೆ. "ನಾನ್ ಹೇಳ್ದಾಗ ಕೇಳಲಿಲ್ಲ" ಅಂದರು.

ರಿಪೇರಿ

ಫೇಸ್ ಗುಂಡಿ ಬಿಚ್ಚಿದರೆ ದನಿ ಬರುತ್ತದೆ, ಆದರೆ ಅದು ಒಬ್ಬಳೇ ನಡುವೆ ನಿಂತ ಹಾಗೆ. ಬಲಗಡೆಯದನ್ನು ಹದಿನೈದು ಮಿಲಿಸೆಕೆಂಡ್ ತಡ ಮಾಡಿ ನೋಡಿದೆ. ಇಯರ್‌ಫೋನಲ್ಲಿ ಅಗಲವಾಗುತ್ತದೆ, ಮೋನೋ ಮಾಡಿದರೆ ದನಿ ಕೊಳವೆಯೊಳಗೆ ಸಿಕ್ಕಿಬೀಳುತ್ತದೆ, ಕೆಲವು ಸ್ವರ ಕೂಡುತ್ತವೆ, ಕೆಲವು ಕಳೆಯುತ್ತವೆ. ಅಡ್ಡದಾರಿ ಸಾಕು ಅನಿಸಿತು. ಮತ್ತೆ ಹಾಡಿಸಬೇಕು.

ಎಲ್ಲಿ? ಸೆಪ್ಟೆಂಬರ್, ನಮ್ಮ ಕಡೆ ಹೆಂಚಿನ ಮೇಲೆ ಮಳೆ ಬಿಟ್ಟು ಬಿಟ್ಟು ಸುರಿಯುತ್ತಲೇ ಇರುತ್ತದೆ. ಬಾಳ್ಳುಪೇಟೆ ದಾಟಿ ಹಾಸನದ ಕಡೆ ಹೋದಂತೆ ಮಳೆ ತೆಳುವಾಗುತ್ತದೆ, ಅಲ್ಲಿ ತಾರಸಿ ಮನೆಗಳು ಬೇರೆ. ಸಾಮಾನು ಬ್ಯಾಗಿಗೆ ತುಂಬಿಕೊಂಡು ಅತ್ತೆಯ ಮನೆಗೇ ಹೋದೆ. ಮಲಗುವ ಕೋಣೆಯ ಬೀರುವಿನ ಎರಡೂ ಬಾಗಿಲು ತೆಗೆಸಿ, ಒಳಗೆ ನೇತಾಡುವ ಸೀರೆಗಳಿಗೆ ಮುಖಮಾಡಿ ತಂಗಿಯನ್ನು ನಿಲ್ಲಿಸಿದೆ. ಮೂವತ್ತು ನಲವತ್ತು ಸೀರೆ, ಅರ್ಧ ರೇಷ್ಮೆ. ಕಾಫಿ ಮೂಟೆಯಷ್ಟಲ್ಲದಿದ್ದರೂ ಕಂಬಳಿಗಿಂತ ಮೇಲು. ಕಂಡೆನ್ಸರ್ ಮೈಕಿಗೆ ಎರಡು ಮನೆಯಾಚೆಯ ಕುಕ್ಕರ್ ಸೀಟಿಯೂ ಕೇಳಿಸಿತು, ಹಾಗಾಗಿ ಅದನ್ನು ಬದಿಗಿಟ್ಟು ಪಲ್ಪರಿಗೆ ಹಿಡಿದಿದ್ದ ಎಸ್‌ಎಂ58ನ್ನೇ ಬಾಯಿಗೆ ನಾಲ್ಕು ಬೆರಳು ದೂರಕ್ಕೆ ಹಿಡಿದೆ. ತರಕಾರಿ ಗಾಡಿ ಹೋಗುವ ತನಕ ಕಾಯುವುದು, ಹಾಡುವುದು, ಮತ್ತೆ ಕಾಯುವುದು. ಪಲ್ಲವಿಯ ಆರು ಟೇಕು. ಗಂಟಲು ಚೆನ್ನಾಗಿತ್ತು. ಒಂದು ಟೇಕಿನ ಕೊನೆಯಲ್ಲಿ ಅತ್ತೆ "ಈಗ ಕೇಳ್ತು ನೋಡು" ಅಂದದ್ದೂ ರೆಕಾರ್ಡಾಗಿದೆ. ಕತ್ತರಿಸಿದೆ, ಫೈಲು ಇಟ್ಟುಕೊಂಡಿದ್ದೇನೆ.

ಅತ್ಯುತ್ತಮವಾದದ್ದು ನಡುವೆ, ಬೇರೆ ಎರಡು ಎಡಕ್ಕೆ ಬಲಕ್ಕೆ, ಸ್ವಲ್ಪ ತಗ್ಗಿಸಿ. ಒಬ್ಬಳೇ ಹಾಡಿದರೂ ಎರಡು ಸಲ ಒಂದೇ ಥರ ಹಾಡಲು ಯಾರಿಂದಲೂ ಆಗುವುದಿಲ್ಲ. ಆ ಹೆಚ್ಚುಕಮ್ಮಿಯೇ ಅಗಲ ಕೊಡುತ್ತದೆ, ಮೋನೋ ಮಾಡಿದರೂ ಒಂದನ್ನೊಂದು ನುಂಗುವುದಿಲ್ಲ. ಮೋನೋ ಒತ್ತಿದೆ, ಬಿಟ್ಟೆ, ಒತ್ತಿದೆ, ಬಿಟ್ಟೆ. ಹುಡುಗಿ ಎಲ್ಲೂ ಹೋಗಲಿಲ್ಲ.

ಕೈ ಹಾಕಿದ್ದೇನೆ ಅಂತ ಬೇಸನ್ನೂ, ಅಂದರೆ ತಗ್ಗು ಸ್ವರಗಳನ್ನೂ, ನೋಡಿದೆ. ಕೆಳಗಿನ ಸ್ವರ 55 ಹರ್ಟ್ಸಿನದು, ಫೋನ್ ಸ್ಪೀಕರಿಗೆ ಅದನ್ನು ನುಡಿಸುವ ಶಕ್ತಿಯಿಲ್ಲ. ಸ್ವಲ್ಪ ಸ್ಯಾಚುರೇಷನ್ ಹಾಕಿ ಒಡಕು ತಂದರೆ ಮೇಲೆ 110, 165, 220 ಹುಟ್ಟುತ್ತವೆ. ಅವನ್ನು ಕೇಳಿದ ಕಿವಿ ಇಲ್ಲದ 55ನ್ನು ತಾನೇ ಕಟ್ಟಿಕೊಳ್ಳುತ್ತದೆ. ಅತ್ತೆಯ ಫೋನಿನಲ್ಲೇ ಪರೀಕ್ಷೆ ಮಾಡಿದೆ. ಜೋರನ್ನು ಮೈನಸ್ 14ಕ್ಕೆ ಬಿಟ್ಟೆ, ಬೆಲ್ಟಿನ ಪೆಟ್ಟಿಗೆ ಮತ್ತೆ ಜೀವ ಬಂತು.

ಹಾಕುವುದರಲ್ಲೂ ನಷ್ಟವಾಯಿತು. ಯೂಟ್ಯೂಬಿನಲ್ಲಿ ಒಮ್ಮೆ ಹಾಕಿದ ವಿಡಿಯೊದ ಜಾಗಕ್ಕೆ ಬೇರೆ ಫೈಲು ಕೂರಿಸಲು ಬಿಡುವುದಿಲ್ಲ. ಹೊಸದಾಗಿ ಹಾಕಬೇಕು, ಹೊಸ ಕೊಂಡಿ, ಲೆಕ್ಕ ಸೊನ್ನೆಯಿಂದ. ಹೊಸ ದನಿಯ ಹೊಸ ಮಿಕ್ಸ್ ಆದ್ದರಿಂದ ಐಎಸ್‌ಆರ್‌ಸಿಯೂ ಹೊಸದೇ. ಸ್ಪಾಟಿಫೈನಲ್ಲಿ ಒಂದು ಹಾಡು ಹನ್ನೆರಡು ತಿಂಗಳಲ್ಲಿ 1,000 ಸ್ಟ್ರೀಮ್ ದಾಟದಿದ್ದರೆ ಅದಕ್ಕೆ ದುಡ್ಡಿಲ್ಲ ಅನ್ನುವ ನಿಯಮ 2024ರಿಂದ ಇದೆ. ಹಳೆಯದು ಅಷ್ಟು ದಾಟಿರಲಿಲ್ಲ, ಹೊಸದು ಮೊದಲಿಂದ ಹತ್ತಬೇಕು. ಪಕ್ಕದ ತೋಟದವರು ಈ ಕಥೆ ಕೇಳಿ "ಅಂತೂ ನಿನ್ನ ಹಾಡಿಗೂ ಬ್ಯಾಕಿಂಗ್ ಬಂತು ಅನ್ನು, ತಡವಾಗಿ" ಅಂದರು.

ಹಳೆಯದನ್ನು ಅಳಿಸೋಣ ಅಂದೆ. ತಂಗಿ ಬೇಡ ಅಂದಳು. ಲೈನ್ ಮನೆಯ ಮಕ್ಕಳು ಅದನ್ನೇ ಕಲಿತಿದ್ದಾರೆ, ಪಲ್ಲವಿಯ ಖಾಲಿ ಜಾಗಕ್ಕೆ ತಮ್ಮದೇ ಮಾತು ತುಂಬಿಕೊಂಡಿದ್ದಾರೆ. ಅದರಲ್ಲಿ ನಮ್ಮ ಅಪ್ಪನ ಬೈಗುಳವೂ ಒಂದಿದೆ, ತಾಳಕ್ಕೆ ಚೆನ್ನಾಗಿ ಕೂರುತ್ತದೆ.

ನವೆಂಬರ್ ಒಂದರಂದು ಶಾಲೆಯ ಮೈದಾನದಲ್ಲಿ ರಾಜ್ಯೋತ್ಸವ. ಹೊಸ ಫೈಲನ್ನು ಪೆನ್‌ಡ್ರೈವಿನಲ್ಲಿ ಮೈಕ್‌ಸೆಟ್ ಅಣ್ಣನಿಗೆ ಮೊದಲೇ ಕೊಟ್ಟು, ರಿಪೇರಿ ಆಗಿದೆ, ಈಗ ಎರಡೂ ಕಡೆ ಸರಿಯಿದೆ, ನೀವು ಹೇಳಿಕೊಟ್ಟ ಹಾಗೇ ಮಾಡಿದ್ದೇನೆ ಅಂತ ಮೂರು ಸಲ ಹೇಳಿದ್ದೆ. ಹಾಡು ಬಂತು, ಪಲ್ಲವಿ ಬಂತು, ತಂಗಿ ಹಾಡಿದಳು. ನಡುವಿನವಳು ಕೇಳಿದಳು, ಎಡದವಳು ಕೇಳಿದಳು. ಬಲದವಳು ಎಲ್ಲಿ? ಆ್ಯಂಪ್ಲಿಫೈಯರ್ ಹಿಂದೆ ಹೋಗಿ ನೋಡಿದೆ. ಕೆಂಪು ಪಿನ್ನು ಹೊರಗೆ ನೇತಾಡುತ್ತಿತ್ತು.

"ಅಣ್ಣ, ಇದನ್ನ ಹಾಕಬಹುದು ಈಗ."

"ಇರ್ಲಿ ಬಿಡಪ್ಪ" ಅಂದರು, "ಸುಮ್ನೆ ಯಾಕೆ."